ಬಾಯಿ ತೆರೆಸುವ ಶಾಸ್ತ್ರ

"ಎಡಗಡೆಯಿಂದ ಟ್ರಕ್ಕು ಬರ್ತಾ ಇದೆ," ಎಂದು ನಿರುಪಮಾ ಕಾರಿನ ಗಾಜಿಗೆ ಹೇಳಿದಳು. ಗಾಜಿಗೇ ಹೇಳಿದ್ದು. ಗಂಡ ಶೇಷಗಿರಿ ಪಕ್ಕದಲ್ಲೇ ಸ್ಟೀರಿಂಗು ಹಿಡಿದು ಕೂತಿದ್ದರೂ, ಯುಗಾದಿಯ ಮಾರನೆಯ ದಿನದಿಂದ ಅವಳ ಮಾತೆಲ್ಲ ಗಾಜು, ಒಲೆ, ಫ್ರಿಜ್ಜು, ನಡುಮನೆಯ ಗೋಡೆ ಇಂಥವಕ್ಕೆ ಮೀಸಲಾಗಿತ್ತು. ಬೆಳಿಗ್ಗೆ ಒಲೆಯ ಕಡೆ ತಿರುಗಿ "ಕಾಫಿ ಆಗಿದೆ" ಎನ್ನುತ್ತಾಳೆ. ಆ ಲೋಟ ಯಾರದ್ದೆಂದು ಒಲೆಯೇ ತೀರ್ಮಾನಿಸಬೇಕು. ಮೊನ್ನೆ ಫ್ರಿಜ್ಜಿನ ಬಾಗಿಲು ತೆಗೆದು ಒಳಗಿದ್ದ ಮೊಸರಿನ ಡಬ್ಬಕ್ಕೆ, "ಶಿಕಾಗೋಗೆ ಬಾ ಅಂತ ಊರ್ಮಿಳಕ್ಕ ಕರೀತಿದಾಳೆ. ಸೋಮವಾರಕ್ಕೆ ಟಿಕೆಟ್ಟಾಗಿದೆ. ಹೋಗೋದಕ್ಕೆ ಮಾತ್ರ. ಏರ್‌ಪೋರ್ಟಿಗೆ ಮೈಥಿಲಿ ಬಿಡ್ತಾಳೆ," ಎಂದು ವರದಿ ಒಪ್ಪಿಸಿ ಬಾಗಿಲು ಮುಚ್ಚಿದ್ದಳು. ಮೈಥಿಲಿ ಪಕ್ಕದ ಅಪಾರ್ಟ್‌ಮೆಂಟಿನವಳು. ಇವತ್ತು ಭಾನುವಾರ. ಅಕ್ಕನ ಮನೆಗೆ ಹೋಗುವುದು ತಪ್ಪಲ್ಲ, ಆದರೆ ಹೀಗೆ ತನ್ನ ಕಡೆ ಮುಖ ತಿರುಗಿಸದೆ ಅವಳು ವಿಮಾನ ಹತ್ತಿಬಿಟ್ಟರೆ ಆಮೇಲೆ ಈ ಮಾತನ್ನು ಯಾವ ತುದಿಯಿಂದ ಹಿಡಿದು ಎಳೆಯುವುದು ಎಂದು ಶೇಷಗಿರಿಗೆ ಭಯವಾಗಿತ್ತು. ಅವನು ಟ್ರಕ್ಕಿಗೆ ದಾರಿ ಬಿಟ್ಟ.

ಬಾಣಂತಿಯನ್ನು ನೋಡಿ ಬರುವುದು ಗಂಡನ ಮೇಲಿನ ಸಿಟ್ಟಿಗೆ ಸಂಬಂಧಪಡದ ವಿಷಯ ಎಂಬುದು ನಿರುಪಮಾಳ ನಿಲುವು. ಆದ್ದರಿಂದಲೇ ಕ್ಯಾಲಿಫೋರ್ನಿಯಾದ ಸನ್ನಿವೇಲಿನ ಮನೆಯಿಂದ ಪಕ್ಕದೂರು ಮಿಲ್ಪಿಟಾಸಿಗೆ, ತ್ವಾನ್‌ನ ಮಗುವಿಗೆ ಒಂದು ತಿಂಗಳು ತುಂಬಿದ ಶಾಸ್ತ್ರಕ್ಕೆ, ಅವಳು ರೇಷ್ಮೆ ಸೀರೆ ಉಟ್ಟು ಹೊರಟಿದ್ದಳು. ತ್ವಾನ್ ವಿಯೆಟ್ನಾಮಿನವನು, ಶೇಷಗಿರಿಯ ಆಫೀಸಿನಲ್ಲೇ ಟೆಕ್ನಿಷಿಯನ್ನು. ದಿನಾ ಮಧ್ಯಾಹ್ನ ಇವನೆದುರು ಕೂತು ಇವನ ಮೊಸರನ್ನವನ್ನು ಕರುಣೆಯಿಂದ ನೋಡುವವನು. ನಿರುಪಮಾಳ ತೊಡೆಯ ಮೇಲೆ ತಾನೇ ಹೆಣೆದ ಪುಟ್ಟ ಹಳದಿ ಕುಲಾವಿ ಇತ್ತು. ಅದನ್ನು ಹೆಣೆದ ಬೆರಳುಗಳನ್ನು ನೋಡಿದರೆ ಶೇಷಗಿರಿಗೆ ಸಂಕಟ. ಮದುವೆಯಾದಾಗಿನಿಂದ ಕೈಯಲ್ಲೇ ಅಂದಾಜು ಹಿಡಿದು ಉಪ್ಪು ಹಾಕುತ್ತಿದ್ದವಳು ಯುಗಾದಿಯಾದ ಮೇಲೆ ಚಮಚದಲ್ಲಿ ಅಳೆದು ಹಾಕುತ್ತಿದ್ದಾಳೆ, ಎರಡೆರಡು ಸಲ ರುಚಿ ನೋಡುತ್ತಾಳೆ, ಆಮೇಲೂ ಪಾತ್ರೆಯ ಮುಂದೆ ಅನುಮಾನದಿಂದ ನಿಲ್ಲುತ್ತಾಳೆ. ಅಲ್ಲಿಗೆ ಬಂದಾಗಲೆಲ್ಲ ಶೇಷಗಿರಿ ತನ್ನ ಯೋಚನೆಯ ಕಿವಿ ಹಿಂಡಿ ಬೇರೆ ಕಡೆಗೆ ಕರೆದೊಯ್ಯುತ್ತಿದ್ದ.

ಬೇರೆ ಕಡೆ ಎಂದರೂ ಅದು ಹೋಗಿ ನಿಲ್ಲುತ್ತಿದ್ದುದು ಸರಟೋಗಾದಲ್ಲೇ. ಗುಡ್ಡದ ಮೇಲೆ ಡಾಕ್ಟರ್ ರಘೋತ್ತಮರ ಮನೆ, ಯುಗಾದಿ, ಮನೆಗೊಂದು ಅಡುಗೆಯಂತೆ ಎಲ್ಲರೂ ತಂದು ಉದ್ದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾರೆ. ಯಾವುದರ ಮೇಲೂ ಹೆಸರಿಲ್ಲ. ನಿರುಪಮಾಳದು ಬಿಸಿಬೇಳೆ ಬಾತು. ಡಾಕ್ಟರು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನುಂಗಿ, "ಯಾರಪ್ಪಾ ಇದು, ಪೆಸಿಫಿಕ್ಕಿಂದ ಡೈರೆಕ್ಟಾಗಿ ಪೈಪು ಹಾಕಿಸಿರೋದು?" ಎಂದರು. ನಗೆ ಎದ್ದಿತು. ಯಾರದು, ಯಾರದು ಎಂದು ಎಲ್ಲರೂ ಸುತ್ತ ನೋಡಿದರು. ಶೇಷಗಿರಿಯೂ ಸುತ್ತ ನೋಡಿದ. ಹುಬ್ಬೇರಿಸಿಕೊಂಡು, ಯಾರಿರಬಹುದಪ್ಪಾ ಎಂಬ ಕುತೂಹಲವನ್ನು ಮುಖದ ತುಂಬ ಬಳಿದುಕೊಂಡು ನೋಡಿದ. ಹಾಗೆ ಸುತ್ತುತ್ತ ಹೋದ ಅವನ ದೃಷ್ಟಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನಿರುಪಮಾಳ ಮುಖಕ್ಕೂ ಬಂತು. ಬಂದದ್ದು ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ, ಪಕ್ಕದ ಕ್ಯಾಲೆಂಡರನ್ನು ನೋಡಿತು. ಅವಳು ಅದನ್ನು ಕಂಡಳು. ಎಲ್ಲರೂ ಹೊರಟ ಮೇಲೆ ಮುಟ್ಟದೆ ಉಳಿದ ಪಾತ್ರೆಯನ್ನು ಅವನೇ ಕಳ್ಳಮಾಲಿನ ಹಾಗೆ ಕಂಬಳಿ ಸುತ್ತಿ ಕಾರಿನ ಡಿಕ್ಕಿಗೆ ಸೇರಿಸಿದ. ಮುಂದಿನ ವಾರವಿಡೀ ಅದಕ್ಕೆ ನೀರು ಬೆರೆಸಿ, ಮೊಸರು ಬೆರೆಸಿ, ಒಮ್ಮೆ ಕಾರ್ನ್‌ಫ್ಲೇಕ್ಸನ್ನೂ ಬೆರೆಸಿ ಅವನೊಬ್ಬನೇ ತಿಂದು ಮುಗಿಸಿದ. ಅದನ್ನು ಪ್ರಾಯಶ್ಚಿತ್ತವೆಂದು ಅವಳು ಲೆಕ್ಕಕ್ಕೆ ಹಿಡಿದಂತೆ ಕಾಣಲಿಲ್ಲ.

ಮಕ್ಕಳಿರುವ ಮನೆಯಲ್ಲಿ ಈ ಕಷ್ಟ ಇಲ್ಲ. ಮೈಸೂರಿನಲ್ಲಿ ಅವನ ಅಪ್ಪ ಅಮ್ಮ ಮಾತು ಬಿಟ್ಟ ವರ್ಷ, ಮೂರು ಹೊತ್ತೂ ಅಂಚೆ ಹಂಚಿದವನು ಇವನೇ. "ಊಟಕ್ಕೆ ಏಳಬೇಕಂತೆ ಅಂತ ನಿಮ್ಮಪ್ಪನಿಗೆ ಹೇಳು." "ಹಸಿವಿಲ್ಲ ಅಂತ ನಿಮ್ಮಮ್ಮನಿಗೆ ಹೇಳು." ನಡುಮನೆ ದಾಟುವಷ್ಟರಲ್ಲಿ ಆ ಮಾತಿನ ಮುಳ್ಳುಗಳನ್ನು ಕಿತ್ತು, ಒಂದಿಷ್ಟು ಸಕ್ಕರೆ ಹಚ್ಚಿ ಇವನು ತಲುಪಿಸುತ್ತಿದ್ದ. ಎಂಥ ಜಾಣ ಹುಡುಗ, ಯಾರ ಮನಸ್ಸನ್ನೂ ನೋಯಿಸುವುದಿಲ್ಲ ಎಂದು ಬೀದಿಯಲ್ಲೆಲ್ಲ ಹೆಸರಾಯಿತು. ಆ ಹೆಸರನ್ನು ಉಳಿಸಿಕೊಳ್ಳುವುದರಲ್ಲೇ ಮೂವತ್ತೈದು ವರ್ಷ ವಯಸ್ಸಾಗಿ ಹೋಗಿದೆ. ಆಫೀಸಿನ ಮೀಟಿಂಗುಗಳಲ್ಲಿ ಅವನು "ಯೆಸ್, ಯೆಸ್" ಎನ್ನುತ್ತಾನೆ, ಎದುರಿನವನು ಅದಕ್ಕೆ ತದ್ವಿರುದ್ಧ ಹೇಳಿದರೆ ಅದಕ್ಕೂ "ಯೆಸ್" ಎನ್ನುತ್ತಾನೆ. "ರೈಟ್ ಟರ್ನು," ಎಂದಳು ನಿರುಪಮಾ, ಗಾಜಿಗೆ. ಅವನು ತಿರುಗಿಸಿದ.

ತ್ವಾನ್‌ನ ಟೌನ್‌ಹೌಸಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ಶೇಷಗಿರಿಗೆ ಮನೆಗೆ ಬಂದ ಹಾಗೆ ಅನ್ನಿಸಿತು. ಶೂ ಬಿಚ್ಚಿದ ಮೇಲೆ ಹಾಗನ್ನಿಸಲಿಲ್ಲ. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿಯಾಗಿ ಹೊರಗೆ ಬಂದು ನಿಂತಿತ್ತು. "ಬೆರಳು ಕಾಣ್ತಾ ಇದೆ," ಎಂದು ನಿರುಪಮಾ ಶೂ ಸ್ಟ್ಯಾಂಡಿಗೆ ತಿಳಿಸಿ ಒಳಗೆ ನಡೆದಳು. ಅವನು ಬಲಗಾಲಿನ ಮೇಲೆ ಎಡಗಾಲಿಟ್ಟುಕೊಂಡು, ಊದುಬತ್ತಿಯ ಹೊಗೆಯ ನಡುವೆ, ಗೋಡೆ ಹಿಡಿದು ಒಳಗೆ ಬಂದ. ಎತ್ತರದ ಮೇಜಿನ ಮೇಲೆ ಹೂವು, ಹಣ್ಣು, ಇಡಿಯಾಗಿ ಬೇಯಿಸಿದ ಒಂದು ಕೋಳಿ. ಕೋಳಿ ಅವನನ್ನೇ ನೋಡುತ್ತಿತ್ತು. ಅದರ ಮುಂದೆ ಹನ್ನೆರಡು ಪುಟ್ಟ ಬಟ್ಟಲುಗಳಲ್ಲಿ ಪಾಯಸ. ಹನ್ನೆರಡು ಸೂಲಗಿತ್ತಿ ದೇವಿಯರಿದ್ದಾರೆ, ಒಬ್ಬಳು ಮಗುವಿನ ಕಿವಿ ತಿದ್ದುತ್ತಾಳೆ, ಒಬ್ಬಳು ಮೂಗು, ಒಬ್ಬಳು ನಗುವುದನ್ನು ಕಲಿಸುತ್ತಾಳೆ, ಅವರಿಗೆಲ್ಲ ಇವತ್ತು ಕೃತಜ್ಞತೆ ಎಂದು ತ್ವಾನ್ ಇಂಗ್ಲಿಷಿನಲ್ಲಿ ವಿವರಿಸಿದ. ನಿರುಪಮಾ ಬಾಗಿಲ ಚೌಕಟ್ಟಿನ ಕಡೆ ತಿರುಗಿ, ಕನ್ನಡದಲ್ಲಿ, "ನಮ್ಮಲ್ಲಿ ಬ್ರಹ್ಮ ಒಬ್ನೇ. ಕೆಲಸ ಜಾಸ್ತಿಯಾಗಿ ಕೆಲವರಿಗೆ ಕೆಲವು ಪಾರ್ಟು ಇಡೋದೇ ಮರ್ತುಬಿಡ್ತಾನೆ," ಎಂದಳು. ಚೌಕಟ್ಟಿಗೆ ಅರ್ಥವಾಯಿತೋ ಇಲ್ಲವೋ, ಶೇಷಗಿರಿಗೆ ಆಯಿತು.

ತ್ವಾನ್‌ನ ಹೆಂಡತಿ ಹಾನ್ ಮಗುವನ್ನು ಎತ್ತಿಕೊಂಡು ಬಂದಳು. ಹಿಂದೆಯೇ ಅವಳ ಅಜ್ಜಿ, ತಲೆಗೆ ಕಡುನೀಲಿ ಬಟ್ಟೆ ಸುತ್ತಿಕೊಂಡ ಕುಳ್ಳನೆಯ ಮುದುಕಿ. ಏನಾದರೂ ಒಳ್ಳೆಯದನ್ನು ಹೇಳಬೇಕೆಂದು ಶೇಷಗಿರಿ, "ಎಷ್ಟು ಮುದ್ದಾಗಿದೆ, ತುಂಬ ಸುಂದರವಾದ ಮಗು," ಎಂದ. ಕೋಣೆ ತಣ್ಣಗಾಯಿತು. ಹಾನ್ ಮಗುವನ್ನು ಎದೆಗೆ ಅವಚಿಕೊಂಡು, "ಇಲ್ಲ ಇಲ್ಲ, ಕುರೂಪಿ. ಕೋತಿ ಥರ ಇದೆ," ಎಂದು ಅವಸರವಾಗಿ ಅಂದಳು. ನಿರುಪಮಾ ಮುಂದೆ ಬಂದು ಮಗುವಿನ ಮುಖಕ್ಕೆ ಬಗ್ಗಿ, ಮೂಗು ಮುರಿದು, "ಹೌದು ಪಾಪ, ಎಂಥಾ ಮುಖ. ಕಣ್ಣಂತೂ ನೋಡೋ ಹಾಗಿಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹಾನ್ ಅದನ್ನು ತಿಳಿಸಿದಾಗ ಅಜ್ಜಿ ಮುಖ ಅರಳಿಸಿ, ನಿರುಪಮಾಳ ಕೈ ಹಿಡಿದು ಸೋಫಾದಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ದೃಷ್ಟಿಯ ವಿಷಯ ಶೇಷಗಿರಿಗೆ ಗೊತ್ತಿಲ್ಲವೇ. ಶಾಲೆಗೆ ಸೇರುವ ತನಕ ಅವನ ಕೆನ್ನೆಯ ಮೇಲೆ ಅಮ್ಮ ಇಡುತ್ತಿದ್ದ ಕಪ್ಪು ಬೊಟ್ಟು ದ್ರಾಕ್ಷಿ ಹಣ್ಣಿನಷ್ಟಿತ್ತು. ಹೇಳಬಾರದ ಕಡೆ ಹೇಳುವುದು, ಹೇಳಬೇಕಾದಲ್ಲಿ ಸುತ್ತ ನೋಡುವುದು. ಅವನು ಮೂಲೆಯ ಕುರ್ಚಿಯಲ್ಲಿ ಹೆಬ್ಬೆರಳನ್ನು ಮಡಿಚಿಕೊಂಡು ಕೂತ.

ಶಾಸ್ತ್ರ ಶುರುವಾಗಲಿಲ್ಲ. ಸ್ಟಾಕ್ಟನ್‌ನಿಂದ ದೊಡ್ಡಮಾವ ಬರಬೇಕು, ಅವರೇ ಮುಖ್ಯ, ಎಂದು ತ್ವಾನ್ ಕಿಟಕಿಯಲ್ಲಿ ಇಣುಕುತ್ತಿದ್ದ. ಕಾಯುವವರಿಗೆಲ್ಲ ಅಜ್ಜಿ ಬೇರೆ ಪಾತ್ರೆಯಿಂದ ಪಾಯಸ ಬಡಿಸಿದಳು. ನೋಡಿದರೆ ಅಲಸಂದೆ ಕಾಳು, ಅಂಟಂಟು ಅನ್ನ, ಬೆಲ್ಲದ ಬಣ್ಣ, ಮೇಲೆ ತೆಂಗಿನಕಾಯಿ ಹಾಲು. ಶೇಷಗಿರಿ ನೆಮ್ಮದಿಯಿಂದ ಒಂದು ಚಮಚ ಬಾಯಿಗಿಟ್ಟ. ಕಾಯಿಹಾಲಿಗೆ ಉಪ್ಪು ಹಾಕಿದ್ದರು. ಅದು ಅವರ ಪದ್ಧತಿ. ಅಜ್ಜಿ ಎದುರಿಗೇ ನಿಂತು ಅವನ ಮುಖ ನೋಡುತ್ತಿದ್ದಳು. "ವೆರಿ ಗುಡ್," ಎಂದ. ಸಾಲದೆಂದು ತೋರಿ, "ವೆರಿ ವೆರಿ ಗುಡ್," ಎಂದ. ಹೊಟ್ಟೆಯ ಮೇಲೆ ಕೈಯಾಡಿಸಿ ತೋರಿಸಿದ. ಇನ್ನೊಂದು ಬಟ್ಟಲು ಬಂತು, ಅದನ್ನೂ ಮೆಚ್ಚಿದ. ಬಟ್ಟಲ ಅಂಚಿನಾಚೆ ನೋಡಿದರೆ ನಿರುಪಮಾ ತನ್ನ ಚಮಚವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. "ಬೇರೆಯೋರ ಮನೆ ಉಪ್ಪು ಚೆನ್ನಾಗಿ ಹಿಡಿಸುತ್ತೆ ಅಂತ ಕಾಣುತ್ತೆ," ಎಂದು ಆ ಚಮಚಕ್ಕೆ ಮೆಲ್ಲಗೆ ಹೇಳಿದಳು. ಅವನು ಬಟ್ಟಲನ್ನು ಕೆಳಗಿಟ್ಟ. ಅವಳ ಕಣ್ಣಂಚು ಕೆಂಪಾಗಿತ್ತು, ಊದುಬತ್ತಿಯ ಹೊಗೆಯಿಂದ ಎಂದುಕೊಳ್ಳಲು ಅವನು ತುಂಬ ಪ್ರಯತ್ನಪಟ್ಟ.

ಫೋನು ಬಡಿದುಕೊಂಡಿತು. ದೊಡ್ಡಮಾವನ ಕಾರು ಫ್ರೀವೇಯಲ್ಲಿ ಕೆಟ್ಟು ನಿಂತಿದೆ, ಗ್ಯಾಸ್ ಸ್ಟೇಷನ್ನಿನಿಂದ ಮಾತಾಡುತ್ತಿದ್ದಾರೆ, ಸಂಜೆಗೆ ಮೊದಲು ಬರಲಾರರು. ಅಜ್ಜಿ ಗಡಿಯಾರ ನೋಡಿದಳು, ಮಧ್ಯಾಹ್ನದೊಳಗೆ ಆಗಬೇಕಂತೆ. ಅವಳ ಕಣ್ಣು ನೆಂಟರಿಷ್ಟರ ಸಾಲಿನ ಮೇಲೆ ನಿಧಾನವಾಗಿ ಸುತ್ತಿಕೊಂಡು ಬಂತು. ಒಬ್ಬನನ್ನು ನೋಡಿ ತಲೆಯಾಡಿಸಿದಳು, ಇನ್ನೊಬ್ಬಳನ್ನು ನೋಡಿ ಏನೋ ಗೊಣಗಿದಳು, ತ್ವಾನ್ ಅವಳ ಕಿವಿಯಲ್ಲಿ ಏನೋ ಹೇಳಿದ. ಕಣ್ಣು ಶೇಷಗಿರಿಯ ಮುಖಕ್ಕೆ ಬಂದು ನಿಂತಿತು. ಅವನ ಬೆನ್ನ ಹಿಂದೆ ಯಾರಿದ್ದಾರೆಂದು ಅವನು ತಿರುಗಿ ನೋಡಿದ. ಗೋಡೆ ಇತ್ತು.

"ಹೂವಿನಿಂದ ಮಗುವಿನ ಬಾಯಿ ತೆರೆಸೋ ಶಾಸ್ತ್ರ," ಎಂದ ತ್ವಾನ್. "ಬಾಯಿಯ ಮೇಲೆ ಹೂವಾಡಿಸಿ ಒಳ್ಳೆ ಮಾತು ಹೇಳಬೇಕು. ಹೇಳಿದೋರ ಮಾತಿನ ಹಾಗೇ ಮಗುವಿನ ಮಾತೂ ಆಗುತ್ತೆ ಅಂತ ನಂಬಿಕೆ. ಅದಕ್ಕೆ ಆಳು ನೋಡಿ ಆರಿಸ್ತಾರೆ. ನಾನು ಅಜ್ಜಿಗೆ ಹೇಳಿದೆ, ಇಷ್ಟು ವರ್ಷದಲ್ಲಿ ಈ ಮನುಷ್ಯ ಒಬ್ಬರ ಮೇಲೂ ಒಂದು ಕೆಟ್ಟ ಮಾತು ಆಡಿಲ್ಲ ಅಂತ."

"ನನಗೆ ವಿಯೆಟ್ನಾಮೀಸ್ ಬರಲ್ಲ."

"ಮಗುವಿಗೂ ಇನ್ನೂ ಬರಲ್ಲ. ನಿಮ್ಮ ಭಾಷೆಯಲ್ಲಿ ಹೇಳಿ. ಬುದ್ಧನ ಊರಿನವರು ಅಂತ ಅಜ್ಜಿಗೆ ಬಹಳ ಸಂತೋಷ."

ಬುದ್ಧನ ಊರನ್ನು ಶೇಷಗಿರಿ ಒಮ್ಮೆ ರೈಲಿನಲ್ಲಿ ದಾಟಿದ್ದ, ನಿದ್ದೆಯಲ್ಲಿ. ಇಂಥವನ ನಾಲಿಗೆ ಈ ಮಗುವಿಗೆ ಯಾಕೆ ಎಂದು ಹೇಳಬೇಕೆಂದಿದ್ದ. ಬಾಯಿಂದ ಬಂದದ್ದು "ಯೆಸ್, ಯೆಸ್." ಅವನನ್ನು ಕೋಣೆಯ ನಡುವೆ ನಿಲ್ಲಿಸಿ ಕೈಗೆ ಹಳದಿ ಸೇವಂತಿಗೆಯ ಟಿಸಿಲೊಂದನ್ನು ಕೊಟ್ಟರು. ಹಾನ್ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಳು. ಎಲ್ಲರೂ ಎದ್ದು ಸುತ್ತ ನಿಂತು ಅವನ ಬಾಯಿಯನ್ನೂ, ಮರ್ಯಾದೆಗಾಗಿ ಅವನ ಹೆಬ್ಬೆರಳನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದರು. ಅವನು ಬಗ್ಗಿ ಹೂವನ್ನು ಆಡಿಸಿದ. ಒಂದು ಶ್ಲೋಕ ಹೇಳಿಬಿಡೋಣವೆಂದರೆ ತಲೆಗೆ ಬಂದ ಏಕೈಕ ಮಂತ್ರ ಅಪ್ಪನ ತಿಥಿಯದು. ಅದರ ಮೊದಲಕ್ಷರ ತುಟಿಯ ತನಕ ಬಂದಿತ್ತು. ಬೆವರಿ, ಅದನ್ನು ನುಂಗಿ, ಕೈಗೆ ಸಿಕ್ಕಿದ್ದನ್ನು ಹಿಡಿದ. "ಎರಡೊಂದ್ಲ ಎರಡು," ಎಂದ. "ಎರಡೆರಡ್ಲ ನಾಲ್ಕು. ಎರಡ್ಮೂರ್ಲ ಆರು."

ಅಜ್ಜಿ ಕೈ ಮುಗಿದಳು. ಅವಳನ್ನು ನೋಡಿ ಉಳಿದವರೂ ಮುಗಿದರು. ಎರಡ್ಹತ್ಲ ಇಪ್ಪತ್ತು ಮುಗಿಯುವಾಗ ಸೋಫಾದ ಹಿಂದಿನಿಂದ ಒಂದು ಸದ್ದು ಬಂತು, ಮುಚ್ಚಿದ ಕುಕ್ಕರಿನಿಂದ ಉಗಿ ತಪ್ಪಿಸಿಕೊಂಡ ಹಾಗೆ. ನಿರುಪಮಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಈ ಕೋಣೆಯಲ್ಲಿ ಇಷ್ಟು ಜನರಿದ್ದಾರೆ, ತಾನು ಹೇಳುವುದು ಅರ್ಥವಾಗುವುದು ಅವಳೊಬ್ಬಳಿಗೆ. ಅವಳು ಎದ್ದು ಹೋಗುವ ಹಾಗೂ ಇಲ್ಲ, ಶಾಸ್ತ್ರ ನಡೆಯುತ್ತಿದೆ. "ಮೋರ್," ಎಂದಳು ಅಜ್ಜಿ, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ. ಅಷ್ಟರಲ್ಲಿ ಮಗು ಕೈ ಬೀಸಿ ಅವನ ಟೈ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಅದನ್ನು ಶುಭವೆಂದು ಬಗೆದು ಯಾರೂ ಬಿಡಿಸಲೂ ಇಲ್ಲ. ಹಾಗೆ ಬಗ್ಗಿದವನು ಬಗ್ಗಿದ ಹಾಗೇ, ಹಾಲಿನ ವಾಸನೆಯ ಆ ಪುಟ್ಟ ಮುಖಕ್ಕೆ ಗೇಣು ದೂರದಲ್ಲಿ, ಅವನು ಮಾತಾಡತೊಡಗಿದ.

"ನೋಡು ಪುಟ್ಟಾ, ನನ್ನ ಮಾತು ನಿಂಗೆ ಬರೋದು ಬೇಡ. ನಿಮ್ಮಪ್ಪ ಹೊಗಳ್ತಾನಲ್ಲ, ಕೆಟ್ಟ ಮಾತಾಡಿಲ್ಲ ಅಂತ, ಅದು ಒಳ್ಳೇತನ ಅಲ್ಲ ಕಣೋ, ಪುಕ್ಕಲುತನ. ಸರಟೋಗಾದಲ್ಲಿ ಡಾಕ್ಟ್ರು ಯಾರದ್ದಿದು ಅಂದಾಗ, ನಮ್ಮನೇದು ಅಂದಿದ್ರೆ ಮುಗೀತಿತ್ತು. ಒಂದು ಪದ. ನಾನು ಸುತ್ತ ನೋಡಿದೆ. ಅವಳನ್ನೂ ನೋಡಿದೆ, ಗುರ್ತಿಲ್ಲದೋರನ್ನ ನೋಡೋ ಹಾಗೆ." ಮಗು ಕಣ್ಣು ಮಿಟುಕಿಸಿತು. ಇಲ್ಲಿಗೆ ನಿಲ್ಲಿಸಿದ್ದರೆ ಸೊಗಸಾಗಿ ಇರುತ್ತಿತ್ತು, ಅಜ್ಜಿಯೂ ತಲೆದೂಗುತ್ತಿದ್ದಳು. ಆದರೆ ಇಷ್ಟು ದಿನ ಕಿವಿ ಹಿಂಡಿ ಹಿಂಡಿ ದೂರ ಇಟ್ಟದ್ದು ಈಗ ತಾನಾಗಿಯೇ ಮುಂದೆ ಬಂದು ನಿಂತಿತ್ತು, ಟೈ ಬೇರೆ ಬಿಗಿಯಾಗುತ್ತಿತ್ತು. "ಇನ್ನೊಂದಿದೆ. ಅವತ್ತು ಅವಳು ಸೀರೆ ಉಡೋದಕ್ಕೆ ಹೋಗ್ತಾ, ಬೇಳೆ ಬೆಂದ ಮೇಲೆ ಉಪ್ಪು ಹಾಕಿ ಅಂದಿದ್ಲು. ನಾನು ಹಾಕ್ದೆ. ಹಾಕಿ ಟೀವಿ ಮುಂದೆ ಕೂತೆ, ಬ್ಯಾಸ್ಕೆಟ್‌ಬಾಲು. ನಂಗೆ ಅದು ಅರ್ಥಾನೂ ಆಗಲ್ಲ. ಹೇಳಿದ ಕೆಲಸ ನಾನು ಮಾಡಿರಲ್ಲ ಅಂತ ಅವಳಿಗೆ ನಂಬಿಕೆ. ಬಂದು ಅವಳೂ ಒಂದು ಹಿಡಿ ಹಾಕಿದ್ಲು. ಹಾಕಿದ್ದನ್ನ ನಾನು ಕಂಡೆ. ಹೇಳೋಣ ಅನ್ನೋಷ್ಟರಲ್ಲಿ ತಿರುವಿ ಆಗಿತ್ತು. ಆಮೇಲೆ ಹೇಳಿದ್ರೆ ಬೈತಾಳೆ ಅಂತ ಸುಮ್ಮನಾದೆ. ಈಗ ಅವಳು ಚಮಚದಲ್ಲಿ ಅಳೀತಾಳೆ ಪುಟ್ಟಾ, ತನ್ನ ಕೈಯೇ ಕೆಟ್ಟುಹೋಯ್ತು ಅಂದ್ಕೊಂಡಿದಾಳೆ. ಅವಳ ಕೈ ಸರಿಯಾಗೇ ಇದೆ."

"ರೀ."

ಶೇಷಗಿರಿ ತಲೆಯೆತ್ತಲು ನೋಡಿದ, ಟೈ ಬಿಡಲಿಲ್ಲ. ಜನರನ್ನು ಸರಿಸಿಕೊಂಡು ನಿರುಪಮಾ ಎದುರಿಗೇ ಬಂದು ನಿಂತಿದ್ದಳು, ಬಾಯಿಗೊತ್ತಿದ್ದ ಸೆರಗು ಈಗ ಸೊಂಟದಲ್ಲಿತ್ತು. "ರೀ, ನೀವು ಉಪ್ಪು ಹಾಕಿದ್ರಾ?"

"ಹಾಕಿದ್ದೆ."

"ನಾನು ಹಾಕೋದನ್ನ ನೋಡಿಕೊಂಡೇ ಕೂತಿದ್ರಾ?"

"ಕೂತಿದ್ದೆ."

"ನಿಮ್ಮನ್ನ," ಎಂದು ಶುರು ಮಾಡಿ, ಮಗುವಿನ ಮುಂದೆ ಆಡಬಾರದ ಮಾತೆಂದು ನೆನಪಾಗಿ, ಅವಳು ಹಲ್ಲು ಕಚ್ಚಿಕೊಂಡು ಉಸಿರು ಬಿಟ್ಟಳು. ಕೋಪದಿಂದ ಅವಳ ಮೂಗಿನ ತುದಿ ನಡುಗುತ್ತಿತ್ತು. ಅವಳು ನೋಡುತ್ತಿದ್ದದ್ದು ನೇರವಾಗಿ ಅವನನ್ನು. ಇಂಥ ಉರಿಗಣ್ಣನ್ನು ಶೇಷಗಿರಿ ಜನ್ಮದಲ್ಲಿ ಕಂಡಿರಲಿಲ್ಲ, ಮತ್ತು ಕಂಡು ಇಷ್ಟು ಸುಖಪಟ್ಟದ್ದೂ ಇರಲಿಲ್ಲ. ಅಜ್ಜಿ ತ್ವಾನ್‌ನ ತೋಳು ತಿವಿದಳು. ಹರಕೆ ಬಹಳ ಉದ್ದವಾಗಿ, ಬಹಳ ಚೆನ್ನಾಗಿತ್ತು, ಏನು ಹೇಳಿದರೆಂದು ತಿಳಿಯಬೇಕಂತೆ ಎಂದು ಅವನು ನಿರುಪಮಾಳನ್ನು ಕೇಳಿದ. ಎಲ್ಲರೂ ಅವಳ ಕಡೆ ತಿರುಗಿದರು. ಶೇಷಗಿರಿ ಕಣ್ಣು ಮುಚ್ಚಿಕೊಂಡ.

"ಮಗು ದೊಡ್ಡದಾದ ಮೇಲೆ ಅಡುಗೆಮನೇಲಿ ಸಹಾಯ ಮಾಡಬೇಕಂತೆ," ಎಂದಳು ನಿರುಪಮಾ, ಇಂಗ್ಲಿಷಿನಲ್ಲಿ. "ಮಾಡಿದ ಮೇಲೆ, ಮಾಡಿದೀನಿ ಅಂತ ಬಾಯಿಬಿಟ್ಟು ಹೇಳಬೇಕಂತೆ."

ಆ ಎರಡು ವಾಕ್ಯಗಳನ್ನು ತ್ವಾನ್ ವಿಯೆಟ್ನಾಮೀಸಿನಲ್ಲಿ ಬೆಳೆಸಿದ, ಬಹಳ ಹೊತ್ತು. ಹೆಂಗಸರೆಲ್ಲ ಗಂಡಂದಿರ ಕಡೆ ನೋಡಿ ಮೆಚ್ಚುಗೆಯ ಸದ್ದು ಮಾಡಿದರು. ಅಜ್ಜಿ ಶೇಷಗಿರಿಯ ಬಗ್ಗಿದ ಬೆನ್ನಿನ ಮೇಲೆ ಎರಡು ಸಲ ತಟ್ಟಿ, ಊದುಬತ್ತಿ ಹಚ್ಚಲು ಹೋದಳು. ಮಗು ಟೈ ಬಿಡಲಿಲ್ಲ. ನಿರುಪಮಾ ಮಂಡಿಯೂರಿ ಕೂತು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅವಳ ತಲೆ ಅವನ ಗಲ್ಲಕ್ಕೆ ತಾಗುವಷ್ಟು ಹತ್ತಿರ ಇತ್ತು, ಮುಡಿದ ಮಲ್ಲಿಗೆ ಇಲ್ಲದಿದ್ದರೂ ಕೊಬ್ಬರಿ ಎಣ್ಣೆಯ ಪರಿಚಿತ ವಾಸನೆ ಬರುತ್ತಿತ್ತು.

"ಮನೆಗೆ ಹೋದ ತಕ್ಷಣ ಮೈಥಿಲಿಗೆ ಹೇಳಿ, ನಾಳೆ ಬರೋದು ಬೇಡ ಅಂತ," ಎಂದಳು, ಬೆರಳಿನಿಂದ ಕಣ್ಣು ತೆಗೆಯದೆ.

"ಶಿಕಾಗೋಗೆ ಹೋಗಲ್ವಾ?"

"ಹೋಗ್ತೀನಿ. ನೀವು ಬಿಡಿ ಏರ್‌ಪೋರ್ಟಿಗೆ. ನಂಗೆ ನಿಮ್ಮನ್ನ ಬೈಯೋದಿದೆ. ಇಲ್ಲಿ ಆಗಲ್ಲ, ದಾರೀಲಿ ಬೈತೀನಿ. ಒಂದೊಂದೇ ಜ್ಞಾಪಿಸಿಕೊಂಡು ಬೈತೀನಿ."

"ಆಯ್ತು," ಎಂದ ಶೇಷಗಿರಿ. ಒನ್-ಓ-ಒನ್ ಫ್ರೀವೇ ಹಿಡಿದರೆ ಏರ್‌ಪೋರ್ಟು ಹತ್ತಿರ, ನೋಡನೋಡುತ್ತ ಬಂದುಬಿಡುತ್ತದೆ. ಗುಡ್ಡಗಳ ಕಡೆಯ ಟೂ-ಎಯ್ಟಿಯ ಮೇಲೆ ಹೋದರೆ ಸುತ್ತು. ಸುತ್ತಿನ ದಾರಿಯಲ್ಲೇ ಹೋಗುವುದೆಂದು, ಬಗ್ಗಿದಲ್ಲೇ, ಅವನು ನಿಶ್ಚಯಿಸಿದ.